ದವಡೆಗೆ ಟೈಟಾನಿಯಂ ಬರುವ ಮೊದಲು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ ಸರ್.

ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರ್. ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ನನ್ನ ಅಣ್ಣನಿಗೆ 46 ವರ್ಷ. ಅವನ ಕೆಳದವಡೆಯ ಬಲಗಡೆಯ ಮೂಳೆ ಈಗ ಇಲ್ಲ. ಆ ಜಾಗದಲ್ಲಿ ಅವನದೇ ಕಾಲಿನಿಂದ ತೆಗೆದ ಮೂಳೆ ಇದೆ. ಅದನ್ನು ಹಿಡಿದು ನಿಲ್ಲಿಸಿರುವುದು ಟೈಟಾನಿಯಂ ಎಂಬ ಲೋಹದ ಒಂದು ಪ್ಲೇಟು ಮತ್ತು ಕೆಲವು ಸ್ಕ್ರೂಗಳು.

ಆಪರೇಷನ್ ಆಗಿ ಎರಡು ವರ್ಷ ಕಳೆಯಿತು. ಈ ಎರಡು ವರ್ಷ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಲೋಹದ ಬಗ್ಗೆ, ಶಸ್ತ್ರಚಿಕಿತ್ಸೆಯ ಬಗ್ಗೆ, ಕ್ಯಾನ್ಸರ್ ಔಷಧಿಗಳ ಬಗ್ಗೆ, ಚಟದ ಬಗ್ಗೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಮನಸ್ಸನ್ನು ಕೊರೆಯಲು ಶುರುವಾಯಿತು. ಕ್ಯಾನ್ಸರ್ ಬಂದ ಮೇಲೆ ಏನು ಮಾಡಬೇಕು ಎಂಬ ಸಂಶೋಧನೆ ಅಣ್ಣನನ್ನು ತಲುಪಿತು, ಅವನನ್ನು ಉಳಿಸಿತು. ಬರುವ ಮೊದಲೇ ಏನು ಮಾಡಬಹುದು ಎಂಬ ಸಂಶೋಧನೆ ನಮ್ಮ ಊರಿಗೆ ಬರಲೇ ಇಲ್ಲ. ಅದರಲ್ಲಿ ಬಹಳಷ್ಟು ಹಳೆಯದು, ಖರ್ಚೂ ಕಡಿಮೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮಲೆನಾಡಿನ ನನ್ನ ಜನರೂ ಓದಲಿ ಎಂದು ಎಲ್ಲರೆದುರೇ ಬರೆಯುತ್ತಿದ್ದೇನೆ.

ಅಣ್ಣ 17ನೇ ವಯಸ್ಸಿಗೇ ಕವಳ, ಅಂದರೆ ಎಲೆ-ಅಡಿಕೆ, ಹಾಕಲು ಶುರು ಮಾಡಿದ. ನಮ್ಮ ಕಡೆ ಅದು ದೊಡ್ಡ ವಿಷಯವೇ ಅಲ್ಲ. ಅಜ್ಜ ಹಾಕುತ್ತಿದ್ದರು, ಅಪ್ಪ ಹಾಕುತ್ತಿದ್ದರು. ಬಂದವರಿಗೆ ಮೊದಲು ನೀರು-ಬೆಲ್ಲ, ಆಮೇಲೆ ಕವಳದ ಬಟ್ಟಲು. ನಂತರ ಅಣ್ಣ ಬಾಡಿಗೆ ಪಿಕಪ್ ಓಡಿಸಲು ಹೋದ. ರಾತ್ರಿ ನಿದ್ದೆ ಬರಬಾರದು ಎಂದು ಪ್ಯಾಕೆಟ್ ಶುರುವಾಯಿತು. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೆ ಅಂಗಡಿಯಲ್ಲಿ ಪಾನ್ ಮಸಾಲಾದ ಪ್ಯಾಕೆಟ್ ಒಂದು, ತಂಬಾಕಿನ ಪ್ಯಾಕೆಟ್ ಒಂದು, ಎರಡನ್ನೂ ಜೋಡಿಯಾಗಿ ಕೊಡುತ್ತಾರೆ. ಅಂಗೈಯಲ್ಲಿ ಸುರಿದು ಬೆರೆಸಿದರೆ ನಿಷೇಧವಾದದ್ದೇ ತಯಾರು. ಇದು ನಿಮಗೂ ಗೊತ್ತಿರುವ ವಿಷಯ.

ಮೊದಲು ಅವನಿಗೆ ಖಾರ ತಿನ್ನಲು ಆಗದಾಯಿತು. ಸಾರು ಬಾಯಿಗೆ ತಾಗಿದರೂ ಉರಿ. ಆಮೇಲೆ ಹೋಳಿಗೆ ಮಡಚಿ ಬಾಯಿಗಿಡಲು ಕಷ್ಟವಾಯಿತು. ಚೂರು ಚೂರು ಮಾಡಿ ತಿನ್ನುತ್ತಿದ್ದ. ನಾವು ಹಲ್ಲಿನ ತೊಂದರೆ ಎಂದುಕೊಂಡೆವು. ಅದಾಗಿ ಎಷ್ಟೋ ಸಮಯದ ನಂತರ ಕೆನ್ನೆಯ ಒಳಗೆ, ದವಡೆಗೆ ತಾಗಿಕೊಂಡು ಒಂದು ಹುಣ್ಣು ಬಂತು. ಮೆಡಿಕಲ್ ಶಾಪಿನಲ್ಲಿ ಬಿ-ಕಾಂಪ್ಲೆಕ್ಸ್ ಮಾತ್ರೆ ಕೊಟ್ಟರು. ಒಂದು ಕ್ಲಿನಿಕ್‌ನಲ್ಲಿ ಹಚ್ಚಲು ಜೆಲ್ ಕೊಟ್ಟರು. ಇನ್ನೊಂದು ಕಡೆ ‘ಹೀಟ್ ಆಗಿದೆ, ಎಳನೀರು ಕುಡಿ’ ಎಂದರು. ನಾಲ್ಕು ತಿಂಗಳು ಹೀಗೇ ಹೋಯಿತು. ಈ ನಾಲ್ಕು ತಿಂಗಳಲ್ಲಿ ಅವನ ಬಾಯಿಗೆ ಬ್ಯಾಟರಿ ಬಿಟ್ಟು ಸರಿಯಾಗಿ ನೋಡಿದವರು ಒಬ್ಬರೂ ಇಲ್ಲ. ನಾನೂ ನೋಡಲಿಲ್ಲ. ವಿಜ್ಞಾನದ ಟೀಚರ್ ನಾನು.

ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿನ ಯುವ ಡಾಕ್ಟರ್ ಮೊದಲು ಮಾಡಿದ ಕೆಲಸ ಇಷ್ಟೇ. ‘ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡೋಣ’ ಎಂದರು. ತೋರುಬೆರಳು, ನಡುಬೆರಳು, ಉಂಗುರ ಬೆರಳು. ಆರೋಗ್ಯವಾಗಿರುವ ಬಾಯಿಯೊಳಗೆ ಮೂರೂ ನೇರಕ್ಕೆ ಹೋಗುತ್ತವೆ. ಅಣ್ಣನಿಗೆ ಒಂದೂವರೆ ಬೆರಳು ಹೋಯಿತು. ಒಳಗಿನ ಚರ್ಮ ಬಿಳಚಿಕೊಂಡು ಹಗ್ಗದ ಹಾಗೆ ಬಿಗಿದಿತ್ತು. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಡಿಕೆ ಜಗಿಯುವವರಲ್ಲಿ ಬರುವ ಕಾಯಿಲೆ. ತಂಬಾಕು ಮುಟ್ಟದೆ ಬರೀ ಅಡಿಕೆ ಜಗಿಯುವವರಲ್ಲೂ ಬರುತ್ತದೆ. ಇದಿದ್ದವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಅಣ್ಣನಿಗೆ ಆಗಿತ್ತು. ಅಂದರೆ ಹುಣ್ಣು ಬರುವುದಕ್ಕೂ ವರ್ಷಗಳ ಮೊದಲೇ ಅವನ ಬಾಯಿ ನಮಗೆ ಹೇಳುತ್ತಿತ್ತು. ಕೇಳಿಸಿಕೊಳ್ಳಲು ಮೂರು ಬೆರಳು ಸಾಕಿತ್ತು.

ಈಗ ಆ ಲೋಹದ ವಿಷಯ ಹೇಳುತ್ತೇನೆ. ಆಪರೇಷನ್ನಿಗೆ ಮೊದಲು ಡಾಕ್ಟರ್ ಒಂದು ಪ್ಲೇಟನ್ನು ನನ್ನ ಕೈಗೆ ಕೊಟ್ಟರು. ಹಗುರವಾಗಿತ್ತು, ಬಾಚಣಿಗೆ ಹಿಡಿದ ಹಾಗೆ. ಸ್ವೀಡನ್‌ನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಂನ ಒಂದು ಸಣ್ಣ ಉಪಕರಣ ಕೂರಿಸಿ ರಕ್ತಸಂಚಾರ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ತನ್ನದೇ ಎಂಬಂತೆ ಹಿಡಿದುಕೊಂಡಿತ್ತು. ಗಾಳಿ ತಾಗಿದ ಕೂಡಲೇ ಟೈಟಾನಿಯಂ ಮೇಲೆ ಒಂದು ತೆಳುವಾದ ಆಕ್ಸೈಡ್ ಪದರ ಕೂರುತ್ತದೆ. ಆ ಪದರ ಇರುವುದರಿಂದ ಲೋಹಕ್ಕೆ ತುಕ್ಕು ಹಿಡಿಯುವುದಿಲ್ಲ, ದೇಹವೂ ಅದರ ಜೊತೆ ಜಗಳಕ್ಕೆ ಬರುವುದಿಲ್ಲ. 1965ರಲ್ಲಿ ಬ್ರೋನೆಮಾರ್ಕ್ ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಟೈಟಾನಿಯಂ ಹಲ್ಲಿನ ಬೇರು ಕೂರಿಸಿದರು. ಕಾಲಿನ ಹೊರಬದಿಯ ಸಪೂರ ಮೂಳೆ ಫಿಬುಲಾವನ್ನು ರಕ್ತನಾಳದ ಸಮೇತ ತೆಗೆದು ದವಡೆ ಕಟ್ಟುವ ವಿಧಾನವನ್ನು ನ್ಯೂಯಾರ್ಕಿನ ಸರ್ಜನ್ ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು. ಅಣ್ಣನ ಮುಖ ಇವತ್ತು ಮುಖದ ಹಾಗೇ ಇದ್ದರೆ ಅದಕ್ಕೆ ಈ ಇಬ್ಬರೂ ಕಾರಣ.

ಆದರೆ ಟೈಟಾನಿಯಂಗೂ ತೊಂದರೆಗಳಿವೆ. ಅದು ಮೂಳೆಗಿಂತ ಐದಾರು ಪಟ್ಟು ಬಿಗಿ, ಅಂದರೆ ಮೂಳೆಯಷ್ಟು ಸುಲಭಕ್ಕೆ ಬಾಗುವುದಿಲ್ಲ. ಜಗಿಯುವ ಭಾರವನ್ನೆಲ್ಲ ಪ್ಲೇಟೇ ಹೊತ್ತರೆ ಕೆಳಗಿನ ಮೂಳೆಗೆ ಕೆಲಸವಿಲ್ಲದೆ ಅದು ಸೊರಗುತ್ತದೆ. ರೇಡಿಯೇಷನ್ ಕೊಡುವಾಗ ಲೋಹದ ಸುತ್ತ ಕಿರಣಗಳು ಚದುರುತ್ತವೆ. ರೇಡಿಯೇಷನ್ನಿನಿಂದ ಸೊರಗಿದ ಚರ್ಮದ ಮೂಲಕ ಕೆಲವರಿಗೆ ಪ್ಲೇಟು ಹೊರಗೇ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಈಗ ಹೊಸ ಹೊಸ ಪ್ರಯತ್ನ ನಡೆಯುತ್ತಿವೆ. ನಯೋಬಿಯಂ, ಜಿರ್ಕೋನಿಯಂ ಬೆರೆಸಿ ಟೈಟಾನಿಯಂನ ಬಿಗಿಯನ್ನು ಮೂಳೆಯ ಹತ್ತಿರಕ್ಕೆ ಇಳಿಸುತ್ತಿದ್ದಾರೆ. ಲೋಹದ ಪುಡಿಯನ್ನು ಪದರ ಪದರವಾಗಿ ಹರಡಿ, ಲೇಸರ್‌ನಿಂದ ಕರಗಿಸಿ, ರೋಗಿಯ ಸ್ಕ್ಯಾನ್ ನೋಡಿ ಅವರದೇ ಅಳತೆಯ ದವಡೆ ಮುದ್ರಿಸುತ್ತಾರೆ. 2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ 83 ವರ್ಷದ ಅಜ್ಜಿಯೊಬ್ಬರಿಗೆ ಹೀಗೆ ಮುದ್ರಿಸಿದ ಇಡೀ ಕೆಳದವಡೆ ಹಾಕಿದರು. ತೂಕ 107 ಗ್ರಾಂ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಹೀಗೆ ಮುದ್ರಿಸುವ ಟೈಟಾನಿಯಂ ಮೇಲೆ ಕೆಲಸ ನಡೆದಿದೆ. ಇನ್ನೊಂದು ದಾರಿ ಮೆಗ್ನೀಸಿಯಂ. ಮೂಳೆ ಕೂಡುವವರೆಗೆ ಹಿಡಿದುಕೊಂಡು, ಆಮೇಲೆ ನಿಧಾನಕ್ಕೆ ದೇಹದಲ್ಲೇ ಕರಗಿಹೋಗುವ ಸ್ಕ್ರೂಗಳು. ಯುರೋಪಿನಲ್ಲಿ 2013ರಿಂದ ಕೈಕಾಲಿನ ಸಣ್ಣ ಮೂಳೆಗಳಿಗೆ ಬಳಕೆಯಲ್ಲಿವೆ. ಜಗಿಯುವ ದವಡೆಯ ಭಾರ ಹೊರುವಷ್ಟು ಶಕ್ತಿ ಅವಕ್ಕೆ ಇನ್ನೂ ಬಂದಿಲ್ಲ.

ಟೈಟಾನಿಯಂನ ಅದಿರು ಕೇರಳದ ಚವರದ ಕಡಲ ಮರಳಿನಲ್ಲೇ ಇದೆ. 2011ರಲ್ಲಿ ಇಸ್ರೋದ ನೆರವಿನಿಂದ ಅಲ್ಲೇ ಲೋಹ ತೆಗೆಯುವ ಕಾರ್ಖಾನೆಯೂ ಶುರುವಾಯಿತು. ರಾಕೆಟ್ಟಿಗೆ ಬೇಕಾದ ಲೋಹವನ್ನು ನಾವೇ ತೆಗೆಯಬಲ್ಲೆವು, ದವಡೆಯನ್ನು ಮುದ್ರಿಸಬಲ್ಲೆವು. ಇಷ್ಟೆಲ್ಲ ಬಲ್ಲ ದೇಶದಲ್ಲಿ ಒಂದು ಬಾಯಿಯನ್ನು ಸಮಯಕ್ಕೆ ನೋಡುವುದು ಯಾಕೆ ಆಗುತ್ತಿಲ್ಲ ಎಂಬುದು ನನ್ನ ಸಂಕಟ.

ಅಣ್ಣನ ಕುತ್ತಿಗೆಯ ಮೇಲೂ ಕಿವಿಯ ಕೆಳಗಿನಿಂದ ಒಂದು ಉದ್ದನೆಯ ಗೆರೆ ಇದೆ. ಅಲ್ಲಿ ಗಂಟೇನೂ ಇರಲಿಲ್ಲ. ಇಲ್ಲದ ಗಂಟಿಗೆ ಕುತ್ತಿಗೆ ಯಾಕೆ ಕೊಯ್ದರು ಎಂದು ಅತ್ತಿಗೆ ಎಷ್ಟೋ ದಿನ ಕೊರಗಿದರು. ಇದಕ್ಕೆ ಉತ್ತರ ಕೊಟ್ಟಿದ್ದು ನಮ್ಮ ದೇಶದ್ದೇ ಸಂಶೋಧನೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ಅವರ ಜೊತೆಯವರು ಆರಂಭದ ಹಂತದ ಬಾಯಿ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಾಯಿಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ ಗಂಟು ಕಾಣಿಸಿಕೊಂಡ ಮೇಲೆ ತೆಗೆದರು. 500 ಜನರ ಲೆಕ್ಕ 2015ರಲ್ಲಿ ಹೊರಬಂತು. ಮೂರು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 80, ಎರಡನೇ ಗುಂಪಿನಲ್ಲಿ 67.5. ಎಷ್ಟೋ ದಶಕಗಳಿಂದ ಜಗತ್ತಿನ ಸರ್ಜನ್‌ಗಳು ವಾದ ಮಾಡುತ್ತಿದ್ದ ಪ್ರಶ್ನೆಗೆ ನಮ್ಮ ಗುಟ್ಕಾ, ತಂಬಾಕಿನ ರೋಗಿಗಳ ದೇಹದಿಂದ ಉತ್ತರ ಸಿಕ್ಕಿತು. ಇದನ್ನು ಅತ್ತಿಗೆಗೆ ಓದಿ ಹೇಳಿದ ದಿನದಿಂದ ಅವರು ಆ ಗೆರೆಗೆ ತಾವೇ ಎಣ್ಣೆ ಹಚ್ಚುತ್ತಾರೆ.

ಔಷಧಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೊಥೆರಪಿಯನ್ನು ಆಪರೇಷನ್ನಿನ ಮೊದಲು ಮತ್ತು ನಂತರ ಕೊಟ್ಟರೆ ರೋಗ ಮರಳುವುದು ತಡವಾಗುತ್ತದೆ ಎಂದು 714 ರೋಗಿಗಳ ಒಂದು ಅಧ್ಯಯನ 2025ರಲ್ಲಿ ತೋರಿಸಿತು. ಅದರ ಬೆಲೆ ನಮ್ಮಂಥವರು ಕೇಳಿಯೇ ಎದ್ದು ಬರುವಷ್ಟು. ನನಗೆ ಧೈರ್ಯ ಕೊಟ್ಟಿದ್ದು ಬೇರೆ ಸುದ್ದಿ. ಟಾಟಾ ಮೆಮೋರಿಯಲ್‌ನವರೇ ರೋಗ ಬಹಳ ಮುಂದುವರಿದವರಿಗೆ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂನಂತೆ ಕೊಟ್ಟು ನೋಡಿದರು. ಮಾಮೂಲಿ ಡೋಸಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಜೊತೆಗೆ ಬಾಯಿಯಲ್ಲಿ ನುಂಗುವ ಅಗ್ಗದ ಮಾತ್ರೆಗಳು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16. ಈ ಸಣ್ಣ ಡೋಸ್ ಸೇರಿಸಿದಾಗ 43. 2022ರಲ್ಲಿ ಇದು ಪ್ರಕಟವಾಯಿತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಈ ಸಣ್ಣ ಡೋಸಿನ ಚಿಕಿತ್ಸೆ ಯಾವ ಜಿಲ್ಲೆಯ ರೋಗಿಗೂ ತೊಡಕಿಲ್ಲದೆ ಸಿಗುವ ಹಾಗೆ ನೋಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಹೇಳಲು ಕಷ್ಟವಾದ ವಿಷಯಕ್ಕೆ ಬರುತ್ತೇನೆ.

ರೇಡಿಯೇಷನ್ ಮುಗಿದು ಐದು ತಿಂಗಳಾಗಿತ್ತು. ಒಂದು ದಿನ ಅಣ್ಣನ ಅಂಗಿ ಒಗೆಯಲು ತೆಗೆದುಕೊಂಡಾಗ ಜೇಬಿನಲ್ಲಿ ಪಾನ್ ಮಸಾಲಾದ ಪ್ಯಾಕೆಟ್ ಸಿಕ್ಕಿತು. ದವಡೆ ಹೋಗಿದೆ, ಅರ್ಧ ನಾಲಿಗೆ ಮರಗಟ್ಟಿದೆ, ಅನ್ನ ಕಿವುಚಿ ತಿನ್ನುತ್ತಾನೆ. ಆದರೂ ಪ್ಯಾಕೆಟ್. ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಅಮ್ಮ ಹಣೆ ಚಚ್ಚಿಕೊಂಡರು. ನಾನು ಬಾಯಿಗೆ ಬಂದಿದ್ದೆಲ್ಲ ಅಂದೆ. ಅವನು ತಲೆ ಎತ್ತಲಿಲ್ಲ. ‘ಬಾಯಿಗೆ ಹಾಕ್ಲಿಲ್ಲ ಕಣೇ, ಜೇಬಲ್ಲಿ ಇಟ್ಕೊಂಡ್ರೆ ಸ್ವಲ್ಪ ಸಮಾಧಾನ ಆಗುತ್ತೆ’ ಎಂದ. ಆ ಮಾತು ಕೇಳಿದ ಮೇಲೆ ನಾನು ಬೈಯುವುದನ್ನು ನಿಲ್ಲಿಸಿದೆ. ಇದು ಕೆಟ್ಟ ಬುದ್ಧಿಯಲ್ಲ, ಕಾಯಿಲೆ ಎಂದು ಆಗ ನನಗೆ ಅರ್ಥವಾಯಿತು. ಕಾಯಿಲೆಗೆ ಚಿಕಿತ್ಸೆ ಇರಲೇಬೇಕಲ್ವಾ ಎಂದು ಹುಡುಕಲು ಶುರು ಮಾಡಿದೆ.

ಸಿಕ್ಕಿದ್ದನ್ನು ಹೇಳುತ್ತೇನೆ. ಅಡಿಕೆಯಲ್ಲಿ ಅರೆಕೊಲಿನ್ ಎಂಬ ವಸ್ತು ಇದೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ ಪ್ರಕಾರ, ಮೆದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಕೆಲವು ಬಾಗಿಲುಗಳಲ್ಲೇ ಅರೆಕೊಲಿನ್ ಕೂಡ ಕೂರುತ್ತದೆ. ಅಂದರೆ ತಂಬಾಕು ಬೆರೆಸದ ಅಡಿಕೆಗೂ ಜನರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇದೆ. ತಂಬಾಕು ಬೆರೆಸಿದರೆ ಎರಡು ಕೈಗಳು ಒಟ್ಟಿಗೆ ಹಿಡಿದ ಹಾಗೆ. ತೈವಾನ್‌ನಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಡಿಕೆಯ ಚಟ ಇದ್ದವರಿಗೆ ಎಂಟು ವಾರ ಖಿನ್ನತೆಯ ಮಾತ್ರೆ ಕೊಟ್ಟು ನೋಡಿದರು. ನಮ್ಮ ಮೆಡಿಕಲ್ ಶಾಪುಗಳಲ್ಲೂ ಡಾಕ್ಟರ್ ಚೀಟಿ ಇದ್ದರೆ ಸಿಗುವ ಎಸಿಟಾಲೊಪ್ರಾಮ್ ಅದರಲ್ಲಿ ಒಂದು. ಮಾತ್ರೆ ತೆಗೆದುಕೊಂಡ ಮೂವರಲ್ಲಿ ಒಬ್ಬರು ಬಿಟ್ಟರು. ಔಷಧಿ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಬಿಟ್ಟವರು ನೂರಕ್ಕೆ ಸುಮಾರು ಆರು. ಅದು ನೂರಿಪ್ಪತ್ತು ಜನರೂ ಇಲ್ಲದ ಸಣ್ಣ ಅಧ್ಯಯನ. ಇದನ್ನೇ ಕೊನೆಯ ಮಾತು ಎನ್ನುವುದಿಲ್ಲ. ಆದರೆ ಅಡಿಕೆಯ ರಾಜ್ಯ ನಮ್ಮದು. ಇಂಥ ಅಧ್ಯಯನ ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಸಾವಿರ ಜನರ ಮೇಲೆ ಆಗಬೇಕಿತ್ತು.

ತಂಬಾಕಿನ ವಿಷಯದಲ್ಲಿ ಇಷ್ಟು ಕಾಯಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ, ತಂಬಾಕು ಬಿಡಿಸುವ ಚಿಕಿತ್ಸೆಗೆ ತನ್ನ ಮೊದಲ ಮಾರ್ಗಸೂಚಿ ಕೊಟ್ಟಿತು. ಜಗಿಯುವ ತಂಬಾಕಿನವರಿಗೆ ನಿಕೋಟಿನ್ ಚೂಯಿಂಗ್ ಗಮ್‌ನಂಥವನ್ನು ಅಥವಾ ವರೆನಿಕ್ಲಿನ್ ಮಾತ್ರೆಯನ್ನು ಕೊಡಬಹುದು, ಜೊತೆಗೆ ಕೂತು ಮಾತಾಡಿಸಬೇಕು ಎಂದು ಅದರಲ್ಲಿದೆ. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಗೆ 2022ರಲ್ಲೇ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ನಮ್ಮೂರಿನ ಎಷ್ಟು ಗೂಡಂಗಡಿಗಳ ಮುಂದೆ ನೋಡಿದ್ದೀನಿ ಎಂದು ಕೇಳಿದರೆ ಒಂದರ ಮುಂದೆಯೂ ಇಲ್ಲ. ಅಣ್ಣ ಆಸ್ಪತ್ರೆಯಿಂದ ಬಂದಾಗ ಕೊಟ್ಟ ದಪ್ಪ ಫೈಲಿನಲ್ಲಿ ಪ್ಲೇಟಿನ ಬಗ್ಗೆ, ಡ್ರೆಸ್ಸಿಂಗ್ ಬಗ್ಗೆ, ಊಟದ ಬಗ್ಗೆ ಎಲ್ಲ ಇತ್ತು. ಚಟಕ್ಕೆ ಒಂದು ಸಾಲು: ‘ತಂಬಾಕು, ಅಡಿಕೆ ಬಿಡಬೇಕು’. ಬಿಡುವುದು ಹೇಗೆ ಎಂದು ಇರಲಿಲ್ಲ. ಸುಮ್ನೆ ಬಿಡು ಎಂದರೆ ಬಿಡಲು ಆಗುವಂಥದ್ದಾಗಿದ್ದರೆ ಅವನು ದವಡೆ ಹೋಗುವ ಮೊದಲೇ ಬಿಡುತ್ತಿದ್ದ.

ಇದನ್ನೆಲ್ಲ ಬರೆಯುವಾಗ ನಮ್ಮ ಕಡೆಯ ಬೆಳೆಗಾರರಿಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಅವರಲ್ಲಿ ನನ್ನ ಅಪ್ಪನೂ ಒಬ್ಬರು. ನನ್ನ ಬಿ.ಎಡ್ ಫೀಸು ಕಟ್ಟಿದ್ದು ಕೆಂಪಡಿಕೆ ಮಾರಿದ ದುಡ್ಡಿನಿಂದ. ಎಲೆಚುಕ್ಕೆ ರೋಗ, ಹಳದಿ ಎಲೆ ರೋಗ, ಕೊಳೆರೋಗ, ಮೇಲಿಂದ ಬೆಲೆಯ ಏರುಪೇರು. ಇದರ ನಡುವೆ ‘ಅಡಿಕೆ ಕ್ಯಾನ್ಸರ್ ತರುತ್ತೆ’ ಎಂದು ಯಾರಾದರೂ ಹೇಳಿದರೆ ಹೊಟ್ಟೆಗೆ ಹೊಡೆದ ಹಾಗಾಗುತ್ತದೆ. ‘ತಂಬಾಕು ತರೋದು, ಅಡಿಕೆ ಅಲ್ಲ’ ಎಂದು ಎಲ್ಲ ಪಕ್ಷಗಳ ನಾಯಕರೂ ನಮ್ಮ ಸಮಾವೇಶಗಳಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡು ಹೋಗಿದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕಿಲ್ಲದ ಬರೀ ಅಡಿಕೆಯನ್ನು, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಈ ಪಟ್ಟಿ ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಯಾವುದು ಎಷ್ಟು ಅಪಾಯ ಎಂದು ಹೇಳುವುದಿಲ್ಲ. ಮದುವೆ ಮನೆಯಲ್ಲಿ ವರ್ಷಕ್ಕೆರಡು ಸಲ ಎಲೆ-ಅಡಿಕೆ ಹಾಕಿದವರೆಲ್ಲ ಹೆದರಬೇಕು ಎಂದು ಇದರ ಅರ್ಥವಲ್ಲ. ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಳ್ಳುವವರ ಮಾತು ಬೇರೆ. ಅದೇ ಸಂಸ್ಥೆ 2024ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ 3,89,800 ಬಾಯಿ ಕ್ಯಾನ್ಸರ್‌ಗಳಲ್ಲಿ 1,20,200ಕ್ಕೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ 83,400 ನಮ್ಮ ದೇಶದ್ದು.

ತಾಮ್ರದ ವಿಷಯವೂ ಇದೆ. ಅಡಿಕೆಯಲ್ಲಿ ತಾಮ್ರ ಜಾಸ್ತಿ. ನಮ್ಮ ದೇಹದಲ್ಲಿ ಕೊಲಾಜನ್ ಎಂಬ ಪ್ರೊಟೀನಿನ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಒಂದು ಕಿಣ್ವವಿದೆ, ಲೈಸಿಲ್ ಆಕ್ಸಿಡೇಸ್. ಅದು ಕೆಲಸ ಮಾಡಲು ತಾಮ್ರ ಬೇಕು. ಗಂಟೆಗಟ್ಟಲೆ ಅಡಿಕೆ ಜಗಿದಾಗ ಜೊಲ್ಲಿನಲ್ಲಿ ತಾಮ್ರ ಏರುತ್ತದೆ. ಆ ಕಿಣ್ವ ಚುರುಕಾಗಿ ಎಳೆಗಳು ಗಟ್ಟಿಯಾಗುತ್ತಾ ಹೋಗುತ್ತವೆ, ಕೆನ್ನೆ ಬಿಗಿಯುತ್ತದೆ ಎಂದು ಸಂಶೋಧಕರು ಹೇಳುತ್ತಾರೆ. ಜಗಿಯುವುದು ಬಿಟ್ಟರೂ ಬಿಗಿದ ಬಾಯಿ ಮೊದಲಿನಂತೆ ಪೂರ್ತಿ ಬಿಚ್ಚಿಕೊಳ್ಳುವುದು ಅಪರೂಪ. ತಾಮ್ರ ಎಂದ ಕೂಡಲೇ ಮಲೆನಾಡಿನವರಿಗೆ ನೆನಪಾಗುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಮಳೆಗಾಲಕ್ಕೆ ಮೊದಲು ನಾವು ಅಡಿಕೆಯ ಕೊನೆಗಳಿಗೆ (ಗೊನೆಗಳಿಗೆ) ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಜಗಿಯುವ ಅಡಿಕೆಯಲ್ಲಿರುವ ತಾಮ್ರದಲ್ಲಿ ಆ ಔಷಧಿಯ ಪಾಲೆಷ್ಟು ಎಂಬುದನ್ನು ತೋಟಗಾರಿಕೆ ಇಲಾಖೆಯೂ ನಿಮ್ಮ ಇಲಾಖೆಯೂ ಒಟ್ಟಿಗೆ ಕೂತು ಅಳೆಯಬೇಕು. ಬೆಳೆಗಾರರೇ ಅದನ್ನು ಕೇಳಬೇಕು ಎಂದು ನನಗನ್ನಿಸುತ್ತದೆ.

ಈ ಬೋರ್ಡೋ ದ್ರಾವಣದ ಕತೆಯೇ ನನಗೆ ದಾರಿ ತೋರಿಸಿದ್ದು, ಸರ್. 1910ರ ಹೊತ್ತಿಗೆ ಕೊಳೆರೋಗದಿಂದ ಮಲೆನಾಡಿನ ತೋಟಗಳು ಹಾಳಾಗುತ್ತಿದ್ದವು. ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗದ ಬೆನ್ನು ಹತ್ತಿದರು. ಮಳೆಯಲ್ಲಿ ಹರಡುವ, ಶಿಲೀಂಧ್ರದಂಥ ಒಂದು ಸೂಕ್ಷ್ಮಜೀವಿ ಅದಕ್ಕೆ ಕಾರಣ ಎಂದು ಕಂಡುಕೊಂಡರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಔಷಧಿಯನ್ನು ನಮ್ಮ ತೋಟಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು. ಇವತ್ತಿಗೂ ನಮ್ಮ ಕೊನೆಗಾರರು ಮರ ಹತ್ತಿ ಹೊಡೆಯುವುದು ಅದನ್ನೇ. ಫೋನಿಲ್ಲ, ಟಾರ್ ರಸ್ತೆಯಿಲ್ಲ, ಆಗುಂಬೆಯಂಥ ಮಳೆ. ಆ ಕಾಲದಲ್ಲೇ ಒಂದು ಸರ್ಕಾರ ಸಂಶೋಧನೆಯನ್ನು ಅಡಿಕೆ ಮರದ ತುದಿಯವರೆಗೆ ಮುಟ್ಟಿಸಿತು. ಅದೇ ಅಡಿಕೆ ಜಗಿಯುವವರ ಬಾಯಿಯವರೆಗೆ ಮುಟ್ಟಿಸುವುದು ಈಗ ಅದಕ್ಕಿಂತ ಕಷ್ಟವೇ?

ಬಾಯಿ ನೋಡಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಇದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. 13 ಪಂಚಾಯಿತಿ ಪ್ರದೇಶಗಳು, 7ರಲ್ಲಿ ಬಾಯಿ ಪರೀಕ್ಷೆ, ಉಳಿದ 6 ಹೋಲಿಕೆಗೆ. ಡಾಕ್ಟರ್‌ಗಳಲ್ಲ, ತರಬೇತಿ ಪಡೆದ ಡಿಗ್ರಿ ಹುಡುಗ ಹುಡುಗಿಯರು ಮನೆ ಮನೆಗೆ ಹೋಗಿ 35 ದಾಟಿದವರ ಬಾಯಿಯನ್ನು ಬೆಳಕಿನಲ್ಲಿ ನೋಡಿದರು. ಅನುಮಾನ ಬಂದವರನ್ನು ಡಾಕ್ಟರ್ ಹತ್ತಿರ ಕಳಿಸಿದರು. ಮೂರು ವರ್ಷಕ್ಕೊಂದು ಸುತ್ತು. 2005ರಲ್ಲಿ ಲೆಕ್ಕ ಹಾಕಿದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನಿಂದ ಸಾಯುವುದು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಒಂದು ಬ್ಯಾಟರಿ, ಒಂದು ಜೊತೆ ಗ್ಲೌಸ್, ಕಲಿತ ಎರಡು ಕಣ್ಣು. ನನ್ನ ಅಣ್ಣನ ಒಂದು ಪ್ಲೇಟಿನ ದುಡ್ಡಿನಲ್ಲಿ ಎಷ್ಟು ಊರಿನ ಬಾಯಿಗಳನ್ನು ನೋಡಬಹುದಿತ್ತು ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ತೈವಾನ್ ಇದನ್ನು ಇಡೀ ದೇಶಕ್ಕೆ ಮಾಡಿತು. ಅಡಿಕೆ ಜಗಿಯುವವರಿಗೆ, ಸಿಗರೇಟು ಸೇದುವವರಿಗೆ ಎರಡು ವರ್ಷಕ್ಕೊಮ್ಮೆ ಬಾಯಿ ಪರೀಕ್ಷೆ, ಸರ್ಕಾರದ ಖರ್ಚಿನಲ್ಲಿ. ಅಲ್ಲಿ 2007ರಲ್ಲಿ ನೂರು ಗಂಡಸರಲ್ಲಿ ಸುಮಾರು 17 ಮಂದಿ ಜಗಿಯುತ್ತಿದ್ದರು. ಹತ್ತು ವರ್ಷದಲ್ಲಿ ಅದು 6ರ ಹತ್ತಿರಕ್ಕೆ ಇಳಿಯಿತು. ತೋಟ ಬದಲಾಯಿಸುವ ರೈತರಿಗೆ ನೆರವೂ ಕೊಟ್ಟರು. ನಮ್ಮಲ್ಲೂ ಅದಕ್ಕೆ ಬೇರು ಇದೆ. ಅಡಿಕೆಯ ನೆರಳಲ್ಲಿ ಬೆಳೆದ ಕೋಕೋ ಕೊಳ್ಳಲು ಕ್ಯಾಂಪ್ಕೋ 1986ರಲ್ಲೇ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಕಟ್ಟಿತು. ಕಟ್ಟಿದ್ದು ಬೆಳೆಗಾರರದ್ದೇ ಸಹಕಾರ ಸಂಘ. ಅಡಿಕೆ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ನಿಜ ಹೇಳಿ, ಜೊತೆಗೆ ದಾರಿಯನ್ನೂ ಮಾಡಿಕೊಡಿ ಎನ್ನುತ್ತಿದ್ದೇನೆ.

ನಿಮ್ಮ ಇಲಾಖೆ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದ್ದೀರಿ. ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು 2024ರಲ್ಲಿ ಕೋಲಾರದಿಂದ ಶುರು ಮಾಡಿದ್ದೀರಿ. ಬಾಯಿ ಕ್ಯಾನ್ಸರ್ ಅದರ ಪಟ್ಟಿಯಲ್ಲಿದೆ ಎಂದು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಆ ಯೋಜನೆಯನ್ನೇ ಹಿಡಿದು ಕೇಳುತ್ತೇನೆ. ಬಿಪಿ, ಶುಗರ್ ನೋಡಲು ಬಂದವರು ‘ಬಾಯಲ್ಲಿ ಹುಣ್ಣು ಇದೆಯಾ’ ಎಂದು ಕೇಳಿ ಬರೆದುಕೊಂಡು ಹೋಗುವುದು ಸಾಲದು. ಬಾಯಿ ತೆರೆಸಬೇಕು, ಮೂರು ಬೆರಳು ಇಡಿಸಬೇಕು, ಬ್ಯಾಟರಿ ಬಿಟ್ಟು ಎರಡೂ ಕೆನ್ನೆ, ನಾಲಿಗೆಯ ಅಡಿ, ವಸಡಿನ ಮೂಲೆ ನೋಡಬೇಕು. ತಂಬಾಕಿನ ಪ್ರಶ್ನೆಯ ಜೊತೆ ಅಡಿಕೆಯ ಪ್ರಶ್ನೆಯನ್ನೂ ಬೇರೆಯಾಗಿ ಕೇಳಬೇಕು. ನಮ್ಮ ಕಡೆ ‘ತಂಬಾಕು ಹಾಕ್ತೀರಾ’ ಎಂದರೆ ‘ಇಲ್ಲ, ಕವಳ ಅಷ್ಟೇ’ ಎನ್ನುತ್ತಾರೆ. ಕವಳದಲ್ಲಿ ಹೊಗೆಸೊಪ್ಪು ಇದ್ದರೂ ಹಾಗೇ ಹೇಳುತ್ತಾರೆ. ಎರಡು ವಾರ ದಾಟಿದ ಹುಣ್ಣಿಗೆ ಜೆಲ್ ಕೊಟ್ಟು ಕಳಿಸಬೇಡಿ, ಮೇಲಕ್ಕೆ ಕಳಿಸಿ ಎಂದು ಮೆಡಿಕಲ್ ಶಾಪುಗಳಿಗೆ, ಕ್ಲಿನಿಕ್‌ಗಳಿಗೆ ಒಂದು ಸುತ್ತೋಲೆ ಹೋಗಲಿ. ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರ್ ವಾರದಲ್ಲಿ ಒಂದು ದಿನ ಬರೀ ಇವರನ್ನೇ ನೋಡಲಿ. ಪಿಎಚ್‌ಸಿಯ ಔಷಧಿ ಕೌಂಟರ್‌ನಲ್ಲಿ ನಿಕೋಟಿನ್ ಗಮ್ ಇರಲಿ. ಪ್ಯಾರಾಸಿಟಮಾಲ್ ಕೇಳಿದ ಹಾಗೆ ನಾಚಿಕೆ ಇಲ್ಲದೆ ಜನ ಅದನ್ನು ಕೇಳುವಂತಾಗಲಿ. ಕ್ಯಾನ್ಸರ್ ಆಪರೇಷನ್ ಆದ ಪ್ರತಿಯೊಬ್ಬರಿಗೂ ಚಟದ ಚಿಕಿತ್ಸೆ ಡ್ರೆಸ್ಸಿಂಗ್‌ನಷ್ಟೇ ಕಡ್ಡಾಯವಾಗಲಿ.

ಅಣ್ಣ ಈಗ ನಿಮ್ಹಾನ್ಸ್‌ನವರ ಜೊತೆ ಫೋನಿನಲ್ಲಿ ಮಾತಾಡುತ್ತಾನೆ. ಜೇಬಿನಲ್ಲಿ ಏಲಕ್ಕಿ ಇಟ್ಟುಕೊಳ್ಳುತ್ತಾನೆ. 11 ತಿಂಗಳಾಯಿತು.

ಕಳೆದ ತಿಂಗಳು ನಾನು 10ನೇ ತರಗತಿಯ ಮಕ್ಕಳಿಗೆ ಮೂರು ಬೆರಳಿನ ಪರೀಕ್ಷೆ ಹೇಳಿಕೊಟ್ಟೆ. ಮನೆಯಲ್ಲಿ ದೊಡ್ಡವರಿಗೆ ತೋರಿಸಿ, ಅವರು ಮಾಡಿ ನೋಡಲಿ ಎಂದೆ. ಮರುದಿನ ಕೆಲವು ಮಕ್ಕಳು ತರಗತಿ ಮುಗಿದ ಮೇಲೆ ಒಬ್ಬೊಬ್ಬರೇ ಬಂದರು. ‘ಟೀಚರ್, ಅಪ್ಪಂಗೆ ಎರಡು ಬೆರಳೂ ಹೋಗಲ್ಲ’ ಎಂದ ಒಬ್ಬ. ಇನ್ನೊಬ್ಬಳು ಅಜ್ಜಿಯದು ಹೇಳಿದಳು. ಒಬ್ಬ ಹುಡುಗ ಏನೂ ಹೇಳದೆ ತನ್ನದೇ ಬಾಯಿ ತೋರಿಸಿದ. ಅವರ ಹೆಸರನ್ನು ನಮ್ಮ ಆಶಾ ಅಕ್ಕನಿಗೆ ಹೇಳಿದೆ. ಅವರು ಬಹಳ ಒಳ್ಳೆಯವರು. ಪುಸ್ತಕದಲ್ಲಿ ಬರೆದುಕೊಂಡು ನನ್ನನ್ನೇ ಕೇಳಿದರು: ‘ಇವ್ರನ್ನ ಯಾವ ಆಸ್ಪತ್ರೆಗೆ, ಯಾವ ದಿನ ಕಳಿಸ್ಲಿ ಟೀಚರ್?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವು ಹೇಳಿ ಸರ್, ಯಾವ ಆಸ್ಪತ್ರೆಗೆ, ಯಾವ ದಿನ?

ಇಂತಿ ನಿಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಶಿಕ್ಷಕಿ